ಬಿಳಿ ಪೂರ್ತಿ ಹೋಗಬಾರದು

ಹುಳ ಸಾಕೋ ಕೆಲಸ ಅಂದರೆ ಎಲ್ಲರೂ ರೇಷ್ಮೆನಾ ಅಂತ ಕೇಳ್ತಾರೆ. ಅಲ್ಲ ಅಂತೀನಿ. ಜೇನಾ ಅಂತಾರೆ. ಅದೂ ಅಲ್ಲ. ನಾನು ಸಾಕೋದು ಹಿಟ್ಟು ತಿಗಣೆ. ದಾಸವಾಳದ ಕುಡಿಗೆ, ಸೀಬೆ ಎಲೆಯ ಅಡಿಗೆ, ದ್ರಾಕ್ಷಿ ಗೊಂಚಲಿಗೆ ಹತ್ತಿ ಉದುರಿಸಿದ ಹಾಗೆ ಬೆಳ್ಳಗೆ ಅಂಟಿಕೊಂಡು ರಸ ಹೀರುತ್ತಲ್ಲ, ಅದೇ. ಊರೋರೆಲ್ಲ ದುಡ್ಡು ಕೊಟ್ಟು ಸಾಯಿಸೋದನ್ನ ನಾವು ಸಿಹಿಗುಂಬಳದ ಮೇಲೆ ಕೂರಿಸಿ ಬಾಣಂತಿ ಥರ ನೋಡ್ಕೋತೀವಿ. ಯಾಕೆ ಅಂದರೆ ಅದನ್ನ ತಿನ್ನೋ ಇನ್ನೊಂದು ಹುಳ ಇದೆ. ಕಂದು ತಲೆ, ಕಪ್ಪು ಬೆನ್ನು, ಉದ್ದಿನಕಾಳಿನಷ್ಟು ಗಾತ್ರ, ಗುಲಗಂಜಿ ಹುಳದ ಜಾತಿ. ತೋಟದೋರಿಗೆ ನಾವು ಮಾರೋದು ಅದನ್ನ. ಅದಕ್ಕೆ ಊಟ ಈ ತಿಗಣೆ. ಹಾಗಾಗಿ ಮೊದಲು ಊಟ ಬೆಳೀಬೇಕು, ಆಮೇಲೆ ಉಣ್ಣೋರನ್ನ.

ಈಗ ಬರೀತಿರೋದು ನನ್ನ ಮೊಮ್ಮಗಳು ಹುಟ್ಟಿದ ಕಾಲದ ಮಾತು. ಮೊಮ್ಮಗಳು ಅಂತ ಬರೆಯೋವಾಗ ಈಗಲೂ ಪೆನ್ನು ನಿಲ್ಲುತ್ತೆ, ಒಬ್ಬಳೇ ಕೂತು ನಗ್ತೀನಿ. ಆದರೆ ಆ ತಿಂಗಳುಗಳಲ್ಲಿ ನಾನು ಮನೆಯಲ್ಲಿ ನಕ್ಕಿದ್ದೆಷ್ಟೋ ಶೆಡ್ಡಿನಲ್ಲಿ ಹಲ್ಲು ಕಚ್ಚಿದ್ದೂ ಅಷ್ಟೇ.

ನನ್ನ ಮಗಳನ್ನ ಕೊಟ್ಟಿರೋದು ಹುಣಸಮಾರನಹಳ್ಳಿ ಕಡೆಗೆ. ಬೀಗರದು ಹಳೇ ಒಕ್ಕಲು ಮನೆತನ. ಜಮೀನೆಲ್ಲ ಲೇಔಟು, ಗೋಡೌನು ಆಗಿ ಹೋಗಿದ್ದರೂ ಮನೆ ಸುತ್ತಲಿನ ಸೀಬೆ ತೋಟವನ್ನ ಮಾತ್ರ ಬೀಗರು ಯಾರಿಗೂ ಬಿಟ್ಟುಕೊಟ್ಟಿಲ್ಲ. ಮಗಳು ಮಲಗೋ ಕೋಣೆಯ ಕಿಟಕಿ ತೆಗೆದರೆ ಸೀಬೆ ಕೊಂಬೆ ಕೈಗೆ ಸಿಗುತ್ತೆ. ಆ ಸಲ ತೋಟಕ್ಕೆ ಹಿಟ್ಟು ತಿಗಣೆ ಬಿದ್ದಿತ್ತು. ಎಲೆಯೆಲ್ಲ ಅಂಟಂಟು, ಕಾಯಿ ಮೇಲೆ ಕರೀ ಮಸಿ. ಬೀಗರು ಔಷಧಿ ಕಲಸೋ ಡ್ರಮ್ಮು ತೊಳೆದು ಇಟ್ಟಿದ್ದರು. ಆ ಔಷಧಿ ಹೊಡೆದರೆ ರಸ್ತೆಯಲ್ಲಿ ಹೋಗೋರಿಗೇ ಕಣ್ಣು ಉರಿಯುತ್ತೆ. ಎಳೇ ಕೂಸು ಹೋಗಿ ಮಲಗಬೇಕಾದ ಕೋಣೆಯ ಕಿಟಕಿ ಅದು.

ಸೀಮಂತದ ಊಟಕ್ಕೆ ಕೂತಾಗ ನಾನು ಎಲ್ಲರ ಎದುರಿಗೇ ಅಂದೆ, "ಬೀಗ್ರೇ, ಔಷಧಿ ಬೇಡ. ನಮ್ಮ ಶೆಡ್ಡಿಂದ ಹುಳ ತಂದು ಬಿಡ್ತೀನಿ. ಐದನೇ ತಿಂಗಳಿಗೆ ಕೂಸು ನಿಮ್ಮನೆಗೆ ಬರೋ ಹೊತ್ತಿಗೆ ತೋಟ ಸರಿ ಹೋಗಿರುತ್ತೆ."

ಬೀಗರು ಪಾಯಸದ ಲೋಟ ಕೆಳಗಿಟ್ಟರು. "ಉಳಕ್ಕೆ ಉಳಾನಾ? ಚೆನ್ನಾಗೈತೆ ಕಣಮ್ಮ ನಿಮ್ಮ ಯವಸಾಯ." ಪಂಕ್ತಿಯಲ್ಲಿದ್ದೋರೆಲ್ಲ ನಕ್ಕರು. "ಆಯ್ತು ಬುಡಿ, ಕಾಯ್ತೀನಿ. ಆಗ್ನಿಲ್ಲ ಅಂದ್ರೆ ಕೂಸು ಬರೋಕೆ ಮುಂಚೇನೇ ಔಸದಿ ಒಡ್ದು ಮುಗಿಸ್ತೀನಿ. ಆಮ್ಯಾಕೆ ನನ್ನ ಅನ್ಬ್ಯಾಡಿ."

ಮಾತು ಕೊಟ್ಟಾಯ್ತು.

ನಮ್ಮ ಶೆಡ್ಡು ಕೊಡಿಗೇಹಳ್ಳಿಯ ಹಳೇ ಊರೊಳಗೆ, ಒಂದು ಹೆಂಚಿನ ಮನೆಯ ಹಿತ್ತಲಲ್ಲಿದೆ. ನಡೆಸೋದು ಕೃಷಿ ಓದಿದ ಒಬ್ಬ ಮೇಡಂ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡೋಳು. ಕೆಲಸಕ್ಕೆ ನಾನು, ಚಿಕ್ಕಬಾಣಾವರದಿಂದ ಬರೋ ಇನ್ನೊಬ್ಬಳು ಜೊತೆಗಾತಿ. ಎರಡೇ ಕೋಣೆ. ಒಂದು ತಿಗಣೆ ಕೋಣೆ, ಇನ್ನೊಂದು ಹುಳದ ಕೋಣೆ. ಸಿಹಿಗುಂಬಳದ ಕಾಯಿ ಆರಿಸೋದೇ ಅರ್ಧ ಕೆಲಸ. ಚೆನ್ನಾಗಿ ಬಲಿತಿರಬೇಕು, ಗೆರೆ ಆಳವಾಗಿರಬೇಕು, ತೊಟ್ಟು ಉಳಿದಿರಬೇಕು. ಉಗುರು ತಾಗಿದ ಗಾಯ ಇದ್ದರೂ ಅಲ್ಲಿಂದಲೇ ಕೊಳೆಯುತ್ತೆ, ಅದಕ್ಕೆ ಮೇಣ ಕರಗಿಸಿ ಮುಚ್ತೀವಿ. ತೊಳೆದು ಒರೆಸಿ, ಹಳೇ ಕಾಯಿಯಿಂದ ತಿಗಣೆಯ ಮೊಟ್ಟೆಗಂಟನ್ನ ಬ್ರಷ್ಷಿನಲ್ಲಿ ಎತ್ತಿ ಹೊಸ ಕಾಯಿ ಮೇಲೆ ಇಡ್ತೀವಿ. ಅದಕ್ಕೆ ಬಿತ್ತನೆ ಅಂತೀವಿ. ಕೋಣೆ ಕತ್ತಲಾಗಿರಬೇಕು. ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿ ನಿಂತಿರಬೇಕು, ಇಲ್ಲದಿದ್ದರೆ ಸಿಹಿ ಅಂಟಿಗೆ ಇರುವೆ ಬರುತ್ತೆ. ಕಾಯಿ ಪೂರ್ತಿ ಬೆಳ್ಳಗಾದ ಮೇಲೆ ಕೆಲವನ್ನ ಮುಂದಿನ ಬಿತ್ತನೆಗೆ ಉಳಿಸಿಕೊಂಡು, ಮಿಕ್ಕವನ್ನ ಹುಳದ ಕೋಣೆಗೆ ಕೊಡ್ತೀವಿ. ಅಲ್ಲಿ ಕಪ್ಪು ಹುಳ ಆ ಬಿಳಿಯೊಳಗೇ ಮೊಟ್ಟೆ ಇಡುತ್ತೆ, ಮರಿಗಳು ತಿಂದು ದೊಡ್ಡವಾಗುತ್ತವೆ.

ತಿಗಣೆ ಕೋಣೆಯ ಕಾಯಿ ಹುಳದ ಕೋಣೆಗೆ ಹೋಗಬಹುದು. ಹುಳದ ಕೋಣೆಯಿಂದ ಏನೂ ಈ ಕಡೆ ಬರಬಾರದು, ಕೈಗೆ ಅಂಟಿದ ಹುಡಿಯೂ ಬರಬಾರದು. ಇದೊಂದೇ ಕಟ್ಟುನಿಟ್ಟು.

ಮಗಳಿಗೆ ಹೆರಿಗೆ ಆಯ್ತು. ಏನ್ ಹೇಳಲಿ! ತಲೆ ತುಂಬ ಕೂದಲು, ಮುಷ್ಟಿ ಬಿಚ್ಚಿದರೆ ನನ್ನ ಬೆರಳು ಹಿಡಿದು ಬಿಡೋದೇ ಇಲ್ಲ. ಬೆಳಿಗ್ಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಮಗಳಿಗೆ ಖಾರ ತಿನ್ನಿಸಿ, ಮಧ್ಯಾಹ್ನದ ಹೊತ್ತಿಗೆ ತಂಗಿಯನ್ನ ಮನೆಯಲ್ಲಿ ಕೂರಿಸಿ ನಾನು ಶೆಡ್ಡಿಗೆ ಓಡ್ತಿದ್ದೆ. ತಲೆಗೆ ದಿನಾ ಮೊಳ ಹೂ. ಸಿಕ್ಕಿದೋರಿಗೆಲ್ಲ ಪೇಡ. ಮೇಡಂ ನಗ್ತಾ, "ಅಮ್ಮ, ನಿಮ್ಮ ಮೊಮ್ಮಗಳ ಸುದ್ದಿ ಬಸ್ ಸ್ಟಾಪಿನೋರಿಗೂ ಗೊತ್ತಾಗಿದೆ" ಅಂತಿದ್ದರು.

ಅದೇ ದಿನಗಳಲ್ಲಿ ತಿಗಣೆ ಕೋಣೆಯಲ್ಲಿ ಕೆಲವು ಕಾಯಿ ಮೇಲಿನ ಬಿಳಿ ದಪ್ಪದಪ್ಪಗೆ ಕಾಣತೊಡಗಿತು. ಜೊತೆಗಾತಿ ಬ್ಯಾಟರಿ ಬಿಟ್ಟು ನೋಡಿದಳು.

"ಅಕ್ಕಾ, ಇಲ್ನೋಡಿ! ಹೆಂಗ್ ಕೊಬ್ಬವೆ! ಎಲ್ಲಾ ನಿಮ್ಮ ಮೊಮ್ಮಗಳ ಕಾಲ್ಗುಣ ಕಣಕ್ಕ."

ಕಾಲ್ಗುಣ ಅಂದರೆ ಯಾವ ಅಜ್ಜಿಗೆ ಬೇಡ? ನನಗೂ ಹೌದು ಅನ್ನಿಸಿತು. ಮೈ ತುಂಬಿಕೊಂಡಿದೆ, ಒಳ್ಳೇ ತಳಿ, ಇದರಿಂದಲೇ ಬಿತ್ತನೆ ಮಾಡೋಣ ಅಂದುಕೊಂಡೆವು. ಬಿಳಿ ದಪ್ಪ ಇದ್ದ ಕಾಯಿಗಳಿಂದಲೇ ಹುಡುಕಿ ಹುಡುಕಿ ಎತ್ತಿ ಹೊಸ ಕಾಯಿಗಳ ಮೇಲೆಲ್ಲ ಇಟ್ಟೆವು. ಬೀಗರ ತೋಟಕ್ಕೆ ಬೇಕಾದಷ್ಟು ಹುಳ ಈ ಸಲ ಆರಾಮಾಗಿ ಆಗುತ್ತೆ ಅಂತ ಲೆಕ್ಕ.

ಒಂದು ಮಧ್ಯಾಹ್ನ ಮೇಡಂ ಬಂದು ಒಂದು ದಪ್ಪನೆಯದನ್ನ ಬ್ರಷ್ಷಿನ ತುದಿಯಲ್ಲಿ ಮುಟ್ಟಿದರು. ಅದು ಓಡಿತು.

ತಿಗಣೆ ಓಡಲ್ಲ. ಮುಟ್ಟಿದರೂ ಸೋಮಾರಿ ಥರ ಅಲ್ಲೇ ಇರುತ್ತೆ. ಓಡೋದು ಕಪ್ಪು ಹುಳದ ಮರಿ. ಈ ಮರಿ ಇದೆಯಲ್ಲ, ಅದೂ ಬೆಳ್ಳಗೇ ಇರುತ್ತೆ, ಮೈ ತುಂಬ ಹಿಟ್ಟಿನ ಎಳೆ. ತಿನ್ನೋದು ತಿನ್ನಿಸಿಕೊಳ್ಳೋದರ ವೇಷ ಹಾಕಿಕೊಂಡೇ ಓಡಾಡುತ್ತೆ. ಹುಳದ ಕೋಣೆಯಲ್ಲಾದರೆ ನಾವು ಒಂದೇ ನೋಟಕ್ಕೆ ಹೇಳ್ತಿದ್ದೆವು. ತಿಗಣೆ ಕೋಣೆಯಲ್ಲಿ ಅದನ್ನ ಹುಡುಕೋ ಬುದ್ಧಿ ಯಾರಿಗೂ ಬರಲಿಲ್ಲ.

ಮೇಡಂ ಬೈಯಲಿಲ್ಲ. ಸ್ಟೂಲ್ ಮೇಲೆ ಕೂತುಬಿಟ್ಟರು. "ಅಮ್ಮ, ಇದರಿಂದ ಎಷ್ಟು ಕಾಯಿಗೆ ಬಿತ್ತನೆ ಆಗಿದೆ?"

"ಎಲ್ಲಕ್ಕೂ ಮೇಡಂ."

ಅದು ಒಳಗೆ ಹೇಗೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಬಾಗಿಲ ಬಲೆ ನೋಡಿದೆವು, ಹರಿದಿರಲಿಲ್ಲ. ನನ್ನ ಹೂವಿನಲ್ಲಿ ಕೂತು ಬಂದಿರಬಹುದು ಅಂದಳು ಜೊತೆಗಾತಿ. ನಿನ್ನ ಸೆರಗಲ್ಲಿ ಯಾಕೆ ಬಂದಿರಬಾರದು ಅಂದೆ ನಾನು. ಆವತ್ತಿಂದ ಶೆಡ್ಡಿನಲ್ಲಿ ಹೂ ಮುಡಿಯೋದು ಬಂದ್. ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಹೂ ಮುಡಿದೋಳು ಬರೀ ತಲೆಯಲ್ಲಿ ಕೂತು ಮರಿ ಹೆಕ್ಕಬೇಕಾಯ್ತು.

ಹೌದು, ಹೆಕ್ಕಿದೆವು. ಒಂದೊಂದು ಕಾಯಿಯನ್ನ ತೊಡೆ ಮೇಲಿಟ್ಟುಕೊಂಡು, ಬಾಯಿಂದ ಮೆಲ್ಲಗೆ ಊದೋದು. ಊದಿದಾಗ ಯಾವುದು ಓಡುತ್ತೋ ಅದನ್ನ ಬ್ರಷ್ಷಿನಲ್ಲಿ ಹಿಡಿದು ಡಬ್ಬಿಗೆ ಹಾಕೋದು. ಕುತ್ತಿಗೆ ಸೆಟೆದುಕೊಂಡಿತು. ಸಾಯಂಕಾಲ ಕಾಯಿ ಚೊಕ್ಕ ಅಂತ ಇಟ್ಟು ಹೋದರೆ ನಾಲ್ಕು ದಿನಕ್ಕೆ ಅದೇ ಕಾಯಿ ಮೇಲೆ ಮತ್ತೆ ಓಡಾಟ. ಬಿಳಿಯೊಳಗೆ ಹುದುಗಿದ್ದ ಮೊಟ್ಟೆ ನಮಗೆ ಕಾಣೋದೇ ಇಲ್ಲವಲ್ಲ! ಒಂದು ಮರಿ ಉಳಿದರೂ ಸಾಕು, ಸುತ್ತ ಅಷ್ಟೊಂದು ಊಟ. ನನಗೆ ಆ ಕಾಯಿಗಳನ್ನೆಲ್ಲ ಎತ್ತಿ ಬೀದಿಗೆ ಎಸೆಯೋಣ ಅನ್ನಿಸ್ತಿತ್ತು.

ನೋಡ್ತಾ ನೋಡ್ತಾ ತಿಗಣೆ ಕೋಣೆಯ ಕಾಯಿಗಳು ಸ್ನಾನ ಮಾಡಿಸಿದ ಹಾಗೆ ಹಳದಿ ಹಳದಿ ಆದವು. ಗೋಡೆ ತುಂಬ ಕಪ್ಪು ಹುಳ. ಅಷ್ಟು ಹುಳ ನಾವು ಬೇಕು ಅಂತ ಸಾಕಿದಾಗಲೂ ಕಂಡಿರಲಿಲ್ಲ. ಜೊತೆಗಾತಿ, "ಹುಳ ಜಾಸ್ತಿ ಆದವಲ್ಲ ಮೇಡಂ, ಒಳ್ಳೇದೇ ಅಲ್ವಾ?" ಅಂದಳು. ನಾನೂ ಅದನ್ನೇ ಕೇಳಬೇಕು ಅಂತಿದ್ದೆ.

ಮೇಡಂ ಎರಡು ಅಂಗೈ ಎತ್ತಿ ತೋರಿಸಿದರು. "ಇದು ತಿಗಣೆ, ಇದು ಹುಳ. ತಿಗಣೆ ಮೇಲೆ ಹೋದರೆ ಅದರ ಹಿಂದೆ ಹುಳವೂ ಮೇಲೆ ಹೋಗುತ್ತೆ. ಹುಳ ಜಾಸ್ತಿ ಆದರೆ ತಿಗಣೆ ಕೆಳಗೆ. ತಿಗಣೆ ಕೆಳಗೆ ಹೋದರೆ ಆಮೇಲೆ ಹುಳವೂ ಕೆಳಗೆ. ತೋಟದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ನಾಲ್ಕು ತಿಗಣೆ ತಪ್ಪಿಸಿಕೊಂಡಿರ್ತವೆ, ಅಲ್ಲಿಂದ ಮತ್ತೆ ಶುರು. ನಮ್ಮ ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗ ಎಲ್ಲಿದೆ?" ಎರಡೂ ಕೈಯನ್ನ ಮಡಿಲಿಗೆ ಇಳಿಸಿದರು.

ಹಾಗೇ ಆಯ್ತು. ಹುಳದ ಕೋಣೆಗೆ ಕೊಡೋಕೆ ಬಿಳಿ ಕಾಯಿ ಇಲ್ಲ. ಮೇಡಂ ಜೇನುತುಪ್ಪವನ್ನ ಕಾಗದದ ಪಟ್ಟಿಗೆ ಸವರಿ, ಹುಳ ಇರೋ ಬಲೆಯ ಗೂಡುಗಳೊಳಗೆ ಇಟ್ಟರು. ಜೇನು ನೆಕ್ಕಿದರೆ ಹುಳಕ್ಕೆ ಜೀವ ಇರುತ್ತೆ, ಮೊಟ್ಟೆ ಇಡಲ್ಲ. ಇಟ್ಟಿದ್ದ ಮೊಟ್ಟೆಯನ್ನೂ ಹಸಿವಿಗೆ ತಾವೇ ತಿನ್ನತೊಡಗಿದವು. ದಿನಾ ಒಂದಷ್ಟು ಸತ್ತು ಉದುರಿದವು. ಆ ದಿನ ಮನೆಗೆ ಹೋಗಿ ಮಗಳ ತಟ್ಟೆಗೆ ಇನ್ನೊಂದು ಮಿಳ್ಳೆ ತುಪ್ಪ ಜಾಸ್ತಿ ಹಾಕಿದೆ. "ಸಾಕಮ್ಮ, ನಾನೇನು ಕುಸ್ತಿಗೆ ಹೋಗ್ಬೇಕಾ?" ಅಂದಳು. ತಿನ್ನು ಸುಮ್ನೆ ಅಂದೆ. ಮಡಿಲಲ್ಲಿ ಕೂಸು ಚಪ್ಪರಿಸಿಕೊಂಡು ಹಾಲು ಕುಡೀತಿತ್ತು.

ಆಗಲೇ ಬೀಗರ ಫೋನು.

"ಏನ್ ಬೀಗ್ರೇ, ಉಳ ಒಂಟವಾ? ಇಲ್ಲಿ ಮರ ಎಲ್ಲಾ ಬೆಳ್ಳಗೆ ಅಬ್ಬ ಮಾಡ್ತಾ ಅವೆ."

"ಬರ್ತವೆ ಬೀಗ್ರೇ, ಸ್ವಲ್ಪ ತಡ."

"ನೀವು ತಡ ಅಂತೀರಿ, ಕೂಸು ಬೆಳೀತಾನೇ ಐತೆ."

ಕೂಸು ಬೆಳೀತಿದೆ ಅಂತ ಒಬ್ಬ ಅಜ್ಜಿಗೆ ಹೇಳಿ ಹೆದರಿಸಿದೋರು ಇವರೊಬ್ಬರೇ ಇರಬೇಕು.

ಮರುದಿನ ನಾನು ಮೇಡಂಗೆ ಎಲ್ಲ ಹೇಳಿಕೊಂಡೆ, ಸೀಮಂತದಲ್ಲಿ ಕೊಟ್ಟ ಮಾತಿಂದ ಹಿಡಿದು. "ಅಲ್ಲಿ ಬಿಳಿ ಕಣ್ಣಿಗೆ ರಾಚುತ್ತೆ ಮೇಡಂ, ಇಲ್ಲಿ ಇವಕ್ಕೆ ಒಂದು ತುತ್ತಿಲ್ಲ." ಸಂಕಟಕ್ಕೆ ಅಂದಿದ್ದು ಅಷ್ಟೇ. ಮೇಡಂ ಗೂಡುಗಳ ಹತ್ತಿರ ಹೋಗಿ ಉಳಿದ ಹುಳ ಎಣಿಸತೊಡಗಿದರು. ಅವರ ಯೋಚನೆ ನನಗೆ ಗೊತ್ತಿತ್ತು. ಉಳಿದ ಹುಳ ಎಲ್ಲ ತೋಟಕ್ಕೆ ಹೋದರೆ ಶೆಡ್ಡಿಗೆ ತಳಿಯೇ ಇರಲ್ಲ. ಅಲ್ಲಿ ಬೀಗರು ಔಷಧಿ ಹೊಡೆದುಬಿಟ್ಟರೆ ಅಲ್ಲಿಗೆ ನಮ್ಮ ಕೆಲಸವೂ ಮುಗೀತು.

"ಎಲ್ಲಾ ಬಿಡೋಣ ಅಮ್ಮ" ಅಂದರು. "ಇಟ್ಟುಕೊಂಡು ಕಣ್ಣೆದುರಿಗೆ ಸಾಯಿಸೋದಕ್ಕಿಂತ ಊಟ ಇರೋ ಕಡೆ ಹೋಗಲಿ. ಈ ಕೋಣೆಗಳನ್ನ ತೊಳೆದು ಖಾಲಿ ಬಿಡೋಣ, ಅಡಗಿರೋ ಮರಿಯೂ ಹಸಿದು ಹೋಗುತ್ತೆ. ಬರೋವಾಗ ನಿಮ್ಮ ಬೀಗರ ಹತ್ತಿರ ತಿಗಣೆ ಕೇಳಿ ತರೋಣ."

ಹುಳವನ್ನ ರಬ್ಬರ್ ಕೊಳವೆಯಲ್ಲಿ ಬಾಯಿಂದ ಎಳೆದು ಸಣ್ಣ ಸಣ್ಣ ಡಬ್ಬಿಗೆ ತುಂಬಿದೆವು. ಕೊಳವೆಗೆ ಬಟ್ಟೆ ಕಟ್ಟಿರುತ್ತೆ, ಬಾಯೊಳಗೆ ಬರಲ್ಲ. ಬಿಸಿಲು ಏರೋಕೆ ಮುಂಚೆ ಬಸ್ಸು ಹತ್ತಿ ಮೇಡಂ, ನಾನು ಹುಣಸಮಾರನಹಳ್ಳಿಯಲ್ಲಿ ಇಳಿದೆವು. ಒಂದೊಂದು ಮರಕ್ಕೂ ಹೋಗಿ ಹುಳವನ್ನ ಕಚ್ಚಿ ಓಡಿಸೋ ಇರುವೆ ಸಾಲನ್ನ ಬುಡದಿಂದ ಅಳಿಸಿ, ಬೆಳ್ಳಗಿದ್ದ ಕೊಂಬೆಯ ಹತ್ತಿರ ಡಬ್ಬಿ ತೆರೆದೆವು. ಹಸಿದಿದ್ದವು ನೋಡಿ, ಎಲೆಗೆ ಕಾಲಿಟ್ಟಿದ್ದೇ ತಡ ಬಿಳಿಯೊಳಗೆ ತಲೆ ತೂರಿಸಿದವು. ನನ್ನ ಕಣ್ಣಲ್ಲಿ ನೀರು ಬಂತು.

"ಇಷ್ಟೇನಾ?" ಅಂದರು ಬೀಗರು. "ನಾನು ಮೂಟೆಗಟ್ಲೆ ತತ್ತೀರ ಅನ್ಕೊಂಡಿದ್ದೆ."

"ಇಷ್ಟೇ ಬೀಗ್ರೇ. ಇನ್ನೊಂದು ಮಾತು. ಹೋಗೋವಾಗ ನಮಗೆ ಸ್ವಲ್ಪ ತಿಗಣೆ ಬೇಕು."

ಅವರು ಮೇಡಂ ಮುಖ ನೋಡಿದರು, ನನ್ನ ಮುಖ ನೋಡಿದರು. "ಈ ದರಿದ್ರಾನಾ? ಕೇಳಿ ಇಸ್ಕೊಂಡು ಓಯ್ತೀರಾ?" ಆಮೇಲೆ ಒಳಗೆ ಕೂಗಿದರು, "ಏಯ್, ಬೀಗರು ಬುತ್ತಿ ಕೇಳ್ತಾವ್ರೆ, ಒಂದು ಚೀಲ ತಗೊಂಬಾ!"

ನಗಲಿ ಅಂತ ಬಿಟ್ಟೆ. ಬೆಳ್ಳಗಿದ್ದ ಕುಡಿಗಳನ್ನ ಕತ್ತರಿಸಿ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಂದೆವು. ನೇರ ಕೋಣೆಗೆ ಬಿಡೋ ಹಾಗಿಲ್ಲ, ಹೊರಗಿನದು. ಹಜಾರದ ಪೆಟ್ಟಿಗೆಯಲ್ಲಿ ಬೇರೆ ಇಟ್ಟು, ಜೊತೆಗೆ ಯಾವ ಓಡೋ ಮರಿಯೂ ಬಂದಿಲ್ಲ, ತಿಗಣೆಯ ಮೈಯೊಳಗೆ ಬೆಳೆದು ಅದನ್ನ ಕೊಲ್ಲೋ ಕಣಜದ ಥರದ ಸಣ್ಣ ನೊಣವೂ ಹೊರಡಲ್ಲ ಅಂತ ನೋಡಿಕೊಂಡೇ ಮುಂದಿನ ಕೆಲಸ. ಮೊದಲ ಕಾಯಿ ಕೊಳೆತು ಸೋರಿತು. ಎರಡನೆಯದಕ್ಕೆ ಇರುವೆ ಬಂತು. ಜೊತೆಗಾತಿ, "ಇನ್ಯಾರ ಕಾಲ್ಗುಣ ಕಾಯೋದಕ್ಕ?" ಅಂದಳು. ಮಾತಾಡಬೇಡ ಅಂದೆ.

ಕೂಸಿಗೆ ನಾಲ್ಕನೇ ತಿಂಗಳು ನಡೀತಿತ್ತು. ಬೋರಲು ಬೀಳೋಕೆ ಪ್ರಯತ್ನ ಮಾಡ್ತಿತ್ತು, ಅರ್ಧಕ್ಕೆ ಸಿಕ್ಕಿಕೊಂಡು ಸಿಟ್ಟು ಮಾಡಿಕೊಳ್ತಿತ್ತು, ಥೇಟ್ ನನ್ನ ಹಾಗೆ. ಅದನ್ನ ನೋಡ್ತಾ ಕೂತಿದ್ದಾಗ ಮತ್ತೆ ಫೋನು. ಈ ಸಲ ಬೀಗರ ದನಿಯಲ್ಲಿ ನಗು ಇರಲಿಲ್ಲ.

"ಏನಮ್ಮ ಬುಟ್ಟೋಗಿದ್ದೀರಿ ನೀವು? ಬಿಳೀದು ಎಲ್ಡರಷ್ಟು ದಪ್ಪ ಆಗೈತೆ. ಮೊದ್ಲು ಕೂತಿರೋದು, ಈಗ ಓಡಾಡ್ತಾವೆ. ಔಸದಿ ಕಲಸ್ತಾ ಇದೀನಿ."

"ಬೀಗ್ರೇ, ಅದು ನಮ್ಮ ಹುಳದ ಮರಿ! ಕೈ ಮುಗೀತೀನಿ, ನಾನು ಬರೋ ತನಕ ಮುಟ್ಟಬೇಡಿ."

ಹೋದೆ. ಡ್ರಮ್ಮಿನ ಹತ್ತಿರ ಅವರು, ಕೈಯಲ್ಲಿ ಕೋಲು. ಎಲೆ ಕಿತ್ತು ಅಂಗೈ ಮೇಲಿಟ್ಟು ತೋರಿಸಿದೆ. ಊದಿದೆ. ಒಂದು ಓಡಿತು, ಒಂದು ಕೂತೇ ಇತ್ತು. "ಓಡೋದು ನಮ್ದು, ಕೂತಿರೋದು ನಿಮ್ದು. ಅದು ಇದನ್ನ ತಿನ್ನುತ್ತೆ, ನೋಡ್ತಿರಿ." ಇಬ್ಬರೂ ಬಗ್ಗಿ ನೋಡಿದೆವು. ಆ ಹಾಳು ಮರಿ ಅಂಗೈ ಅಂಚಿಗೆ ಹೋಗಿ ಸುಮ್ಮನೆ ನಿಂತುಬಿಟ್ಟಿತು. ತಿನ್ನಲಿಲ್ಲ. ತಳ್ಳಿದೆ, ಆದರೂ ತಿನ್ನಲಿಲ್ಲ.

"ಒಟ್ಟೆ ತುಂಬೈತೇನೋ" ಅಂದರು ಬೀಗರು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. "ಬೀಗ್ರೇ, ನಿಮ್ಮನ್ನ ನಂಬಿಸೋಕೆ ನನ್ನ ಕೈಲಾಗಲ್ಲ. ನಾನೂ ಮೋಸ ಹೋಗಿದ್ದೀನಿ ಇದರ ಬಿಳಿ ನೋಡಿ. ಸೀಮಂತದ ದಿನ ಕಾಯ್ತೀನಿ ಅಂದಿದ್ರಿ. ಕೂಸು ಬರೋಕೆ ಇನ್ನೂ ದಿನ ಇದೆ."

ಅವರು ಕಿಟಕಿ ಕಡೆ ನೋಡಿದರು. ಕಿಟಕಿ ಒಳಗೆ ತೊಟ್ಟಿಲಿಗೆ ಅಂತ ಆಗಲೇ ಹೊಸ ಹಗ್ಗ ಇಳಿಬಿಟ್ಟಿದ್ದರು. ಕೋಲು ತೆಗೆದು ಗೋಡೆಗೆ ಒರಗಿಸಿದರು. "ನಿಮ್ಮ ಉಳ ನಂಬಿ ಅಲ್ಲ ಕಣಮ್ಮ. ಮಾತು ಕೊಟ್ಟಿದ್ದೀನಲ್ಲ, ಅದಕ್ಕೆ."

ಆಮೇಲಿನ ದಿನಗಳಲ್ಲಿ ನಾನೇ ಫೋನು ಮಾಡಲಿಲ್ಲ, ಭಯಕ್ಕೆ. ಅವರೂ ಮಾಡಲಿಲ್ಲ. ಮಗಳನ್ನೂ ಕೂಸನ್ನೂ ಕರೆದುಕೊಂಡು ಆಟೋದಲ್ಲಿ ಹೋಗಿ ಇಳಿದಾಗ ನಾನು ಆರತಿ ತಟ್ಟೆ ನೋಡಲಿಲ್ಲ, ಮೊದಲು ಮರ ನೋಡಿದೆ. ಹೊಸ ಚಿಗುರು. ಎಲೆ ಅಡಿಯಲ್ಲಿ ಒಣಗಿದ ಬಿಳಿ ಹುಡಿ ಅಷ್ಟೇ. ಕಪ್ಪು ಹುಳ ಬಾಗಿಲ ಚೌಕಟ್ಟಿನ ಮೇಲೂ ಇದ್ದವು. ಔಷಧಿ ವಾಸನೆ ಇಲ್ಲ. ಆ ಕಿಟಕಿ ಪೂರ್ತಿ ತೆಗೆದಿತ್ತು.

ಬೀಗರು ಕೂಸನ್ನ ಎತ್ತಿಕೊಂಡು ತೋಟ ತೋರಿಸ್ತಾ, "ಆ ಪಂಪ್‌ಸೆಟ್ ಮನೆ ಅತ್ರ ಒಂದೇ ಮರ ಬಾಕಿ ಐತೆ. ಅದಕ್ಕೆ ಮಾತ್ರ ಸ್ವಲ್ಪ ಒಡ್ದುಬುಡ್ಲಾ? ಪೂರ್ತಿ ಕಿಲೀನ್ ಆಗೋಯ್ತದೆ" ಅಂದರು.

"ಬೇಡ ಬೀಗ್ರೇ! ಬಿಳಿ ಪೂರ್ತಿ ಹೋಗಬಾರದು. ಅದೂ ಹೋದರೆ ಹುಳ ಹಸಿದು ಹೋಗುತ್ತವೆ. ಆಮೇಲೆ ಪಕ್ಕದ ಕಾಂಪೌಂಡಿನಿಂದ ತಿಗಣೆ ಮತ್ತೆ ಬಂದಾಗ ತಿನ್ನೋಕೆ ಯಾರಿರ್ತಾರೆ? ನಮ್ಮ ಶೆಡ್ಡಿನಲ್ಲಿ ಆಗಿದ್ದು ಅದೇ."

"ಅಂದ್ರೆ ಈ ಪೀಡೇನೂ ಸಾಕ್ಬೇಕು?"

"ಒಂದು ಮರದಷ್ಟು."

ತಲೆ ಅಲ್ಲಾಡಿಸಿದರು. ಒಪ್ಪಿದರೋ, ಕೂಸು ಮೂಗು ಹಿಡಿದಿದ್ದಕ್ಕೋ ಗೊತ್ತಾಗಲಿಲ್ಲ.

ಆ ಮರದಿಂದಲೇ ನಮ್ಮ ಶೆಡ್ಡಿಗೆ ಕಪ್ಪು ಹುಳದ ತಳಿ ವಾಪಸ್ ಬಂತು. ಬೀಗರಿಂದ ಇಸ್ಕೊಂಡ ತಿಗಣೆ ಅಷ್ಟು ಹೊತ್ತಿಗೆ ಕೆಲವು ಕಾಯಿಗಳ ಮೇಲೆ ಹಿಡಿದಿತ್ತು. ಈಗ ತಿಗಣೆ ಕೋಣೆಯಲ್ಲಿ ಯಾವುದಾದರೂ ದಪ್ಪ ಕಂಡರೆ ಸಂತೋಷ ಪಡೋ ಮುಂಚೆ ಊದ್ತೀನಿ.

ಮೊನ್ನೆ ಬೀಗರ ಫೋನು ಬಂತು. ಕೂಸು ಅಂಬೆಗಾಲಿಡ್ತಿದೆ ಅಂತ ಹೇಳೋಕೆ ಮಾಡಿರ್ತಾರೆ ಅಂತ ಓಡಿ ಎತ್ತಿದೆ.

"ಬೀಗ್ರೇ, ನಿಮ್ಮ ಮರದಾಗೆ ಬಿಳಿ ಕಮ್ಮಿ ಆಗ್ಬುಟ್ಟೈತೆ. ಉಳ ಎಲ್ಲಾ ಪ್ಯಾಲಿ ಥರ ಸುತ್ತಾಡ್ತಾವೆ, ತಿನ್ನಾಕಿಲ್ಲ ಪಾಪ."

"ಹೌದಾ? ಏನ್ ಮಾಡೋಣ ಬೀಗ್ರೇ?"

"ಏನ್ ಮಾಡೋದು, ಆ ಪಕ್ಕದ ಅಪಾರ್ಟ್‌ಮೆಂಟ್‌ನೋರ ದಾಸವಾಳಕ್ಕೆ ಬಿಳಿ ಇಡ್ದಿತ್ತು. ವಾಚ್‌ಮನ್ನ ಕೇಳಿ ಎಲ್ಡು ಕೊಂಬೆ ಮುರ್ಕೊಂಬಂದು ಮರಕ್ಕೆ ಕಟ್ಟಿದ್ದೀನಿ. 'ಯಜಮಾನ್ರೇ, ರೋಗ ಯಾಕ್ ಮನೆಗೆ ಒತ್ಕೊಂಡು ಓಯ್ತೀರಿ' ಅಂತ ನಗ್ತಾನೆ ಮುಂಡೇದು. ಅವ್ನಿಗೇನ್ ಗೊತ್ತು."